ರೋಗಪರೀಕ್ಷೆಯ ಮಾದರಿಗಳನ್ನು ಹಸನುಮಾಡುವ ಕಿರುಯಂತ್ರಗಳು

(ಕಮಲಾಪುರ ಭಾಗದ ವ್ಯವಸಾಯ ಇನ್‌ಸ್ಪೆಕ್ಟರರಿಂದ)

ಹೊಲದ ಮಣ್ಣನ್ನು ಪರೀಕ್ಷೆಗೆ ಕಳುಹಿಸುವ ಕ್ರಮವನ್ನು ಈ ಪತ್ರಿಕೆಯ ವಾಚಕರು ಚೆನ್ನಾಗಿ ಬಲ್ಲರು. ಹೊಲದ ಎಂಟು ಹತ್ತು ಕಡೆಗಳಲ್ಲಿ ಮೇಲಿನ ಕಸಕಡ್ಡಿಯನ್ನು ಸರಿಸಿ, ಆರಂಗುಲ ಆಳದ ಗುಣಿ ತೆಗೆದು, ಅದರ ಮಗ್ಗುಲಿನಿಂದ ಒಂದೇ ದಪ್ಪನಾಗಿ ಮಣ್ಣನ್ನು ಕೆರೆದು ತೆಗೆಯಬೇಕು. ಎಲ್ಲವನ್ನೂ ಬೆರಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಬಿಡುತ್ತ ಬಂದು, ಕಟ್ಟಕಡೆಗೆ ಅರ್ಧ ಕಿಲೋ ಮಣ್ಣನ್ನು ಉಳಿಸಿಕೊಂಡು, ನೆರಳಿನಲ್ಲಿ ಒಣಗಿಸಿ ಚೀಲಕ್ಕೆ ತುಂಬಬೇಕು. ಇಷ್ಟು ಶ್ರಮ ಏತಕ್ಕೆಂದರೆ, ಪರೀಕ್ಷೆ ಮಾಡುವವನು ಎಷ್ಟೇ ನಿಪುಣನಾಗಿದ್ದರೂ, ತಿಪ್ಪೆಯ ಪಕ್ಕದಿಂದ ಒಂದು ಬೊಗಸೆ ಮಣ್ಣನ್ನು ತುಂಬಿ ಕಳುಹಿಸಿದಲ್ಲಿ ಬರುವ ಉತ್ತರವು ತಿಪ್ಪೆಯನ್ನು ಕುರಿತದ್ದೇ ಹೊರತು ಹೊಲವನ್ನು ಕುರಿತದ್ದಾಗಲಾರದು.

ಮನುಷ್ಯರ ರೋಗಪರೀಕ್ಷೆಗೂ ಇದೇ ನ್ಯಾಯವು ಸಲ್ಲುತ್ತದೆ. ರಕ್ತ, ಕಫ, ಮೂತ್ರ, ಗಂಟಲ ದ್ರವ ಮೊದಲಾದವುಗಳನ್ನು ರೋಗಿಯಿಂದ ತೆಗೆದುಕೊಳ್ಳುವುದು ಮೊದಲನೆಯ ಕೆಲಸ. ಅವುಗಳಲ್ಲಿ ರೋಗದ ಗುರುತನ್ನು ಹುಡುಕುವುದು ಕಡೆಯ ಕೆಲಸ. ಇವೆರಡರ ನಡುವೆ, ತೆಗೆದ ಮಾದರಿಯನ್ನು ಪರೀಕ್ಷೆಗೆ ಯೋಗ್ಯವಾಗುವಂತೆ ಹಸನುಮಾಡುವ ಮೂರನೆಯದೊಂದು ಕೆಲಸವುಂಟು. ಜನರ ಕಣ್ಣಿಗೆ ಬೀಳದ ಈ ಕೆಲಸವೇ ಬಹುಕಾಲದವರೆಗೆ ಒಳ್ಳೆಯ ಪರೀಕ್ಷೆಗಳನ್ನು ದೊಡ್ಡ ಪಟ್ಟಣಗಳಲ್ಲಿ ಕಟ್ಟಿಹಾಕಿತ್ತು. ಈಚಿನ ವರ್ಷಗಳಲ್ಲಿ ಅದನ್ನು ಮೇಜಿನ ಮೇಲೆ ಇಡಬಹುದಾದ ಸಣ್ಣ ಪೆಟ್ಟಿಗೆಗಳಿಗೂ ಅಂಗೈಯಲ್ಲಿ ಹಿಡಿಯುವ ಕೊಳವೆಗಳಿಗೂ ಇಳಿಸಲಾಗಿದೆ. ಅಂಥ ಯಂತ್ರಗಳಲ್ಲಿ ಹೆಸರಾದದ್ದೊಂದು ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತು. ತೊಗರಿಯ ರಾಶಿಯ ಕಾಲದಲ್ಲಿ ಕೆಮ್ಮುತ್ತಲೇ ಕೆಲಸಕ್ಕೆ ಬರುವ ಆಳನ್ನು ಪರೀಕ್ಷೆಗೆ ಕಳುಹಿಸುವುದೋ ಬಿಡುವುದೋ ಎಂಬುದು ಎಷ್ಟೋ ಸಲ ಊರಿನ ಮುಖಂಡರ ಮತ್ತು ಜಮೀನುದಾರರ ಒಂದು ಮಾತಿನಿಂದ ತೀರ್ಮಾನವಾಗುವುದರಿಂದ, ಈ ವಿಷಯವನ್ನು ಅವರ ಮುಂದೆ ಇಡುವುದು ಉಚಿತವೆಂದು ತೋರಿದೆ.

ಹಸನುಮಾಡುವುದೆಂದರೇನು

ಕಣದಲ್ಲಿ ನಡೆಯುವ ಕೆಲಸವನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಕೊಯ್ದು ತಂದ ತೊಗರಿಯ ಹೊರೆಯಲ್ಲಿ ಕಾಳು ಇದ್ದೇ ಇದೆ. ಆದರೆ ಹೊರೆಯನ್ನು ತಕ್ಕಡಿಗೆ ಹಾಕಿ ಕಾಳು ಇಷ್ಟೆಂದು ಹೇಳಲಾಗದು. ಮೊದಲು ಒಣಗಿಸಿ ಸಡಿಲಿಸಬೇಕು, ಬಡಿದು ಕಾಯಿ ಒಡೆಯಬೇಕು, ತೂರಿ ಹೊಟ್ಟು ಕಳೆಯಬೇಕು, ಕಡೆಗೆ ಕಾಳನ್ನು ಚೀಲಕ್ಕೆ ತುಂಬಬೇಕು. ಕ್ಷಯರೋಗಿಯ ಕಫವೂ ಈ ಹೊರೆಯಂತೆಯೇ. ಅದರಲ್ಲಿ ಲೋಳೆ, ಕೀವು, ಎಂಜಲು, ಅನ್ನದ ಕಣ, ರೋಗಿಯ ದೇಹದ ಜೀವಕೋಶಗಳು, ಬಾಯಿಯ ನೂರಾರು ನಿರುಪದ್ರವಿ ಸೂಕ್ಷ್ಮಜೀವಿಗಳು ಇವೆಲ್ಲವುಗಳ ನಡುವೆ ಕ್ಷಯದ ಸೂಕ್ಷ್ಮಜೀವಿಗಳು ಕೆಲವು ಮಾತ್ರ ಅಡಗಿರುತ್ತವೆ. ಅವುಗಳೊಳಗಿನ ಡಿ.ಎನ್.ಎ. ಎಂಬ ಎಳೆಯು ಪ್ರತಿಯೊಂದು ಜೀವಿಗೂ ಬೇರೆ ಬೇರೆಯಾದ ಗುರುತಿನ ಪಟ್ಟಿಯಿದ್ದಂತೆ. ಆ ಎಳೆಯನ್ನು ಶುದ್ಧವಾಗಿ ಬಿಡಿಸಿಕೊಳ್ಳುವುದೇ ಇಲ್ಲಿಯ ಕಾಳು.

ಅದಕ್ಕಾಗಿ ಮೊದಲು ಔಷಧದ್ರವವನ್ನು ಬೆರಸಿ ಲೋಳೆಯನ್ನು ತಿಳಿಯಾಗಿ ಮಾಡುವರು. ಎರಡನೆಯದಾಗಿ ಸೂಕ್ಷ್ಮಜೀವಿಯ ಹೊರಗವಚವನ್ನು ಒಡೆಯುವರು. ಕ್ಷಯದ ಜೀವಿಯ ಕವಚವು ಮೇಣದಂಥ ವಸ್ತುವಿನಿಂದ ಕೂಡಿದ್ದು ಬಹು ಗಟ್ಟಿಯಾದ್ದರಿಂದ ಇದು ಕಷ್ಟದ ಹಂತವಾಗಿರುತ್ತದೆ. ಮೂರನೆಯದಾಗಿ ಎಳೆಗಳನ್ನು ಒಂದು ಗಟ್ಟಿ ಪದಾರ್ಥಕ್ಕೆ ಅಂಟಿಸಿ ಉಳಿದ ಕಲ್ಮಷವನ್ನು ತೊಳೆದುಬಿಡುವರು. ನಾಲ್ಕನೆಯದಾಗಿ ಅಂಟಿದ ಎಳೆಗಳನ್ನು ಸ್ವಲ್ಪ ಶುದ್ಧದ್ರವದಲ್ಲಿ ಬಿಡಿಸಿಕೊಳ್ಳುವರು. ತೊಳೆಯುವ ಕೆಲಸವು ಅರೆಯಾದರೆ, ರಕ್ತ ಕಫಗಳಲ್ಲಿರುವ ಕೆಲವು ಪದಾರ್ಥಗಳು ಮುಂದಿನ ಪರೀಕ್ಷೆಯನ್ನು ಕೆಡಿಸಿ, ರೋಗವಿದ್ದರೂ ಇಲ್ಲವೆಂದು ತೋರಿಸುವ ಸಂಭವವುಂಟು.

ಈ ಎಳೆಯನ್ನು ಕಣ್ಣಾರೆ ನೋಡಬೇಕೆಂಬ ಕುತೂಹಲವುಳ್ಳವರು ಕಮಲಾಪುರದ ಕೆಂಪು ಬಾಳೆಯ ಹಣ್ಣಿನಿಂದಲೇ ನೋಡಬಹುದು. ಅರ್ಧ ಹಣ್ಣನ್ನು ಚೆನ್ನಾಗಿ ಹಿಸುಕಿ, ಅರ್ಧ ಬಟ್ಟಲು ನೀರಿಗೆ ಒಂದು ಚಿಟಿಕೆ ಉಪ್ಪನ್ನೂ ಒಂದು ಚಮಚೆ ಪಾತ್ರೆ ತೊಳೆಯುವ ಸಾಬೂನಿನ ದ್ರವವನ್ನೂ ಹಾಕಿ, ನೊರೆಯೇಳದಂತೆ ಮೆಲ್ಲನೆ ಅದರಲ್ಲಿ ಕಲಸಿ, ಹತ್ತು ಮಿನಿಟು ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಬೇಕು. ಸೋಸಿದ ರಸವನ್ನು ಗಾಜಿನ ಲೋಟಕ್ಕೆ ಹಾಕಿ, ಚೆನ್ನಾಗಿ ತಣಿಸಿದ ಸ್ಪಿರಿಟ್ಟನ್ನು ಲೋಟದ ಗೋಡೆಯ ಗುಂಟ ನಿಧಾನವಾಗಿ ಇಳಿಸಿದರೆ, ಎರಡು ದ್ರವಗಳು ಕೂಡುವ ಎಡೆಯಲ್ಲಿ ಹಿಂಜಿದ ಅರಳೆಯಂಥ ಬಿಳಿ ಎಳೆಗಳು ಮೇಲೇಳುತ್ತವೆ. ಸಾಬೂನು ಜೀವಕೋಶದ ಜಿಡ್ಡಿನ ಪೊರೆಯನ್ನು ಕರಗಿಸುತ್ತದೆ. ಉಪ್ಪು ಎಳೆಗಳು ಒಂದುಗೂಡುವಂತೆ ಮಾಡುತ್ತದೆ. ಸ್ಪಿರಿಟ್ಟಿನಲ್ಲಿ ಎಳೆಯು ಕರಗದೆ ಇರುವುದರಿಂದ ಬೇರೆಯಾಗಿ ನಿಲ್ಲುತ್ತದೆ. ಸ್ಪಿರಿಟ್ಟು ಬೆಂಕಿಗೆ ಬೇಗ ಹತ್ತುವ ವಸ್ತುವಾದ್ದರಿಂದ ಒಲೆಯಿಂದ ದೂರವಿದ್ದು, ಊರಿನ ಶಾಲೆಯ ಉಪಾಧ್ಯಾಯರ ಸಮಕ್ಷಮದಲ್ಲಿ ಇದನ್ನು ಮಾಡತಕ್ಕದ್ದು. ರೋಗಪರೀಕ್ಷೆಯ ಯಂತ್ರವು ಮಾಡುವ ಕೆಲಸವೂ ಮೂಲತಃ ಇದೇ ಬಗೆಯದು. ಆದರೆ ಹಿಡಿ ಹಣ್ಣಿನಿಂದಲ್ಲ, ಕೆಲವೇ ಸೂಕ್ಷ್ಮಜೀವಿಗಳಿಂದ ಎಳೆಯನ್ನು ತೆಗೆಯಬೇಕಾಗುವುದು.

ಹಿಂದಿನ ಕ್ರಮವೂ ಅದರ ಕಷ್ಟವೂ

ಕ್ಷಯದ ಸೂಕ್ಷ್ಮಜೀವಿಯನ್ನು ಜರ್ಮನಿಯ ರಾಬರ್ಟ್ ಕಾಕ್ ಎಂಬ ವೈದ್ಯರು ೧೮೮೨ನೆಯ ಮಾರ್ಚಿ ೨೪ರಂದು ಲೋಕಕ್ಕೆ ಪ್ರಕಟಪಡಿಸಿದರು. ಅಂದಿನಿಂದ ನೂರಕ್ಕೂ ಹೆಚ್ಚು ವರ್ಷ, ಕಫವನ್ನು ಗಾಜಿನ ತುಣುಕಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಮುಖ್ಯ ಪರೀಕ್ಷೆಯಾಗಿತ್ತು. ಇದು ಅಗ್ಗವಾದದ್ದು, ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು ೫,೦೦೦ದಿಂದ ೧೦,೦೦೦ ಜೀವಿಗಳಾದರೂ ಇದ್ದಲ್ಲದೆ ಕಣ್ಣಿಗೆ ಸಿಕ್ಕುವುದು ಕಷ್ಟ. ರೋಗವು ಮೊಳಕೆಯಲ್ಲಿರುವಾಗ ಇಷ್ಟು ಇರುವುದಿಲ್ಲ. ಕಫವನ್ನು ಆಹಾರದ್ರವ್ಯದ ಮೇಲೆ ಬಿತ್ತಿ ಬೆಳೆಯಿಸುವ ಇನ್ನೊಂದು ಕ್ರಮವು ಹೆಚ್ಚು ನಿಶ್ಚಿತವಾದುದಾದರೂ, ಕ್ಷಯದ ಜೀವಿಯು ಬಹು ನಿಧಾನವಾಗಿ ಬೆಳೆಯುವುದರಿಂದ ಉತ್ತರ ಬರುವುದಕ್ಕೆ ವಾರಗಳು ಹಿಡಿಯುತ್ತವೆ.

೧೯೮೩ರಲ್ಲಿ ಅಮೆರಿಕೆಯ ಕೇರಿ ಮುಲ್ಲಿಸ್ ಎಂಬವರು ಡಿ.ಎನ್.ಎ.ಯ ಒಂದು ತುಣುಕನ್ನು ಬೇಕಾದಷ್ಟು ಸಲ ಇಮ್ಮಡಿಮಾಡುವ ಪಿ.ಸಿ.ಆರ್. ಎಂಬ ಕ್ರಮವನ್ನು ಕಂಡುಹಿಡಿದರು. ಇದಕ್ಕಾಗಿ ಅವರಿಗೆ ೧೯೯೩ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಕಾಯಿಸಿ ತಣಿಸಿದ ಒಂದೊಂದು ಸರದಿಗೂ ಎಳೆಯ ಸಂಖ್ಯೆಯು ಎರಡರಷ್ಟಾಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಲೆಕ್ಕದಂತೆ ಮೂವತ್ತು ಸರದಿಗಳಾದ ಮೇಲೆ ಒಂದೇ ಎಳೆಯು ೧೦೭ ಕೋಟಿಯನ್ನು ಮೀರುತ್ತದೆ. ಹೀಗಿರಲು ಅತ್ಯಲ್ಪವಾದ ರೋಗಬೀಜವೂ ಪತ್ತೆಗೆ ಬಾರದೆ ಇರದು. ಆದರೆ ಈ ಕ್ರಮಕ್ಕೆ ಕಲ್ಮಷವಿಲ್ಲದ ಎಳೆಯು ಬೇಕು. ಅದನ್ನು ತೆಗೆಯಲು ವೇಗವಾಗಿ ತಿರುಗುವ ಯಂತ್ರ, ಶೀತಪೆಟ್ಟಿಗೆ, ಸೋಂಕು ಹೊರಬೀಳದಂಥ ಕೋಣೆ, ತರಬೇತಾದ ಕೆಲಸಗಾರರು, ಎಡೆಬಿಡದ ವಿದ್ಯುಚ್ಛಕ್ತಿ ಇವೆಲ್ಲವೂ ಬೇಕಾಗಿದ್ದುದರಿಂದ, ಹಳ್ಳಿಯ ಮಾದರಿಯು ಪಟ್ಟಣಕ್ಕೆ ಪ್ರಯಾಣಮಾಡಬೇಕಾಗಿ ಬಂತು.

ಇದರ ಫಲವೇನೆಂಬುದನ್ನು ನಮ್ಮ ಜಿಲ್ಲೆಯವರಿಗೆ ಬೇರೆ ಹೇಳಬೇಕಾದುದಿಲ್ಲ. ೨೦೨೦ನೆಯ ಮಾರ್ಚಿ ತಿಂಗಳಲ್ಲಿ ಕೋವಿಡ್ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲನೆಯ ಮರಣವು ಕಲಬುರಗಿಯ ವೃದ್ಧರೊಬ್ಬರದು. ಅವರ ಮಾದರಿಯನ್ನು ೯ನೆಯ ತಾರೀಖು ಕಲಬುರಗಿಯಲ್ಲಿ ತೆಗೆದು ಬೆಂಗಳೂರಿಗೆ ಕಳುಹಿಸಲಾಯಿತು. ೧೦ನೆಯ ತಾರೀಖು ಅವರು ತೀರಿಕೊಂಡರು. ರೋಗವು ನಿಜವೆಂಬ ಉತ್ತರವು ಹೊರಬಿದ್ದದ್ದು ೧೨ನೆಯ ತಾರೀಖು. ಉತ್ತರವು ಬೇಗ ಬಂದಿದ್ದರೆ ಅವರು ಬದುಕುತ್ತಿದ್ದರೆಂದು ಯಾರೂ ಹೇಳಲಾರರು. ಆದರೆ ಮಾದರಿಯು ನೂರಾರು ಮೈಲಿ ಹೋಗಿ ಉತ್ತರವು ಹಿಂದಿರುಗುವಷ್ಟರಲ್ಲಿ ರೋಗಿಯ ಸುತ್ತಲಿನವರು ಎಚ್ಚರಿಕೆಯಿಲ್ಲದೆ ದಿನಗಳನ್ನು ಕಳೆಯಬೇಕಾಗುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಿರಿದು ಮಾಡಿದ್ದರಿಂದ ಬಂದ ಅನುಕೂಲ

೧೯೭೯ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅನಿಲಗಳನ್ನು ಬೇರ್ಪಡಿಸುವ ಉಪಕರಣವನ್ನು ಸಿಲಿಕಾನ್ ಬಿಲ್ಲೆಯೊಂದರ ಮೇಲೆ ಕೊರೆದು ತೋರಿಸಿದರು. ೧೯೯೦ರಲ್ಲಿ ಆಂಡ್ರಿಯಾಸ್ ಮಾನ್ಜ್ ಎಂಬವರೂ ಅವರ ಸಂಗಡಿಗರೂ, ಮಾದರಿಯನ್ನು ಹಸನುಮಾಡುವುದರಿಂದ ಹಿಡಿದು ಉತ್ತರ ಹೇಳುವವರೆಗಿನ ಸಮಸ್ತ ಕೆಲಸವನ್ನೂ ಒಂದೇ ಕಿರುಬಿಲ್ಲೆಯಲ್ಲಿ ನಡೆಸಬಹುದೆಂಬ ಆಲೋಚನೆಯನ್ನು ಮುಂದಿಟ್ಟರು. ಅದೇ ವರ್ಷ ಹಾಲೆಂಡಿನ ಬೂಮ್ ಎಂಬವರೂ ಅವರ ಜೊತೆಯವರೂ, ಗ್ವಾನಿಡಿನ್ ಎಂಬ ಲವಣವು ಬೆರೆತ ದ್ರವದಲ್ಲಿ ಡಿ.ಎನ್.ಎ.ಯು ಮರಳಿನ ಮೂಲವಸ್ತುವಾದ ಸಿಲಿಕದ ಕಣಗಳಿಗೆ ಅಂಟುವುದೆಂದೂ, ಲವಣವನ್ನು ತೊಳೆದು ಬರಿಯ ನೀರಿನಂಥ ದ್ರವವನ್ನು ಹಾಯಿಸಿದರೆ ಬಿಟ್ಟುಬರುವುದೆಂದೂ ತೋರಿಸಿ, ಶುದ್ಧಮಾಡುವ ಕೆಲಸವನ್ನು ಬಹಳ ಸರಳಗೊಳಿಸಿದರು.

ಯಂತ್ರವು ಕಿರಿದಾದರೆ ಸ್ಥಳ ಉಳಿಯುವುದಷ್ಟೇ ಲಾಭವೆಂದು ತಿಳಿಯಬಾರದು. ಕೂದಲೆಳೆಯಷ್ಟು ಸಣ್ಣ ಕಾಲುವೆಗಳಲ್ಲಿ ನೀರಿನ ನಡೆಯೇ ಬೇರೆ. ಹೊಲದ ಕಾಲುವೆಯಲ್ಲಿರುವಂತೆ ಅಲ್ಲಿ ಸುಳಿಯೇಳುವುದಿಲ್ಲ. ದೀಪದ ಬತ್ತಿಯು ಎಣ್ಣೆಯನ್ನು ಸೆಳೆಯುವಂತೆ ಕಾಲುವೆಯ ಗೋಡೆಯೇ ದ್ರವವನ್ನು ಮುಂದಕ್ಕೆ ಸೆಳೆಯಬಲ್ಲದು. ಕೊಡ ನೀರು ಕಾಯುವುದಕ್ಕೂ ಒಂದು ಹನಿ ಕಾಯುವುದಕ್ಕೂ ಇರುವಷ್ಟು ಅಂತರವು ಇಲ್ಲಿಯೂ ಇರುವುದರಿಂದ ಕಾಯಿಸಿ ತಣಿಸುವ ಸರದಿಗಳು ಬೇಗ ಮುಗಿಯುತ್ತವೆ. ವಿದ್ಯುಚ್ಛಕ್ತಿಯೂ ಔಷಧದ್ರವವೂ ಸ್ವಲ್ಪವೇ ಸಾಕು. ಕೊಳವೆಯು ಮುಚ್ಚಿರುವುದರಿಂದ ಒಂದು ಮಾದರಿಯು ಇನ್ನೊಂದಕ್ಕೆ ತಾಕುವ ಭಯವೂ ಕಡಿಮೆ.

ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮಲೇರಿಯಾ ನೋಡಲು ತರುವ ಪಟ್ಟಿಯೂ ಇಂಥ ಕಿರುಯಂತ್ರವೇ. ರಕ್ತದ ಹನಿಯು ಬಿದ್ದ ಮೆತ್ತೆಯಲ್ಲಿ ಮಾದರಿಯು ಹಸನಾಗಿ, ಅಲ್ಲಿಂದ ಪಟ್ಟಿಯ ಗುಂಟ ತಾನಾಗಿಯೇ ಹರಿದುಹೋಗಿ ಗೆರೆಯನ್ನು ಮೂಡಿಸುತ್ತದೆ. ಅದಕ್ಕೆ ವಿದ್ಯುಚ್ಛಕ್ತಿಯ ಗೊಡವೆಯಿಲ್ಲ. ಮತ್ತೊಂದು ಉದಾಹರಣೆಯು ಇನ್ನೂ ಚಮತ್ಕಾರವಾದದ್ದು. ಮಕ್ಕಳು ಗುಂಡಿಯ ತೂತುಗಳಲ್ಲಿ ದಾರ ಪೋಣಿಸಿ, ಎರಡು ಕೈಗಳಿಂದ ಎಳೆದು ಬಿಟ್ಟು ಗುಂಯ್‌ಗುಡಿಸುವ ಆಟವನ್ನು ಎಲ್ಲರೂ ಕಂಡಿದ್ದಾರೆ. ಭಾರತದಲ್ಲಿ ಹುಟ್ಟಿ ಸ್ಟ್ಯಾನ್‌ಫರ್ಡಿನಲ್ಲಿ ಅಧ್ಯಾಪಕರಾಗಿರುವ ಮನು ಪ್ರಕಾಶ್ ಎಂಬವರೂ ಅವರ ಶಿಷ್ಯರೂ ೨೦೧೭ರಲ್ಲಿ ಕಾಗದದ ಬಿಲ್ಲೆಗೂ ದಾರಕ್ಕೂ ಇದೇ ಉಪಾಯವನ್ನು ಅನ್ವಯಿಸಿ, ಮಿನಿಟಿಗೆ ೧,೨೫,೦೦೦ ಸುತ್ತಿನ ವೇಗವನ್ನು ಪಡೆದು, ಒಂದೂವರೆ ಮಿನಿಟಿನಲ್ಲಿ ರಕ್ತದಿಂದ ತಿಳಿದ್ರವವನ್ನು ಬೇರ್ಪಡಿಸಿದರು. ವಿದ್ಯುಚ್ಛಕ್ತಿಯಿಂದ ತಿರುಗುವ ಭಾರಿ ಯಂತ್ರದ ಕೆಲಸವನ್ನು ಅಲ್ಪ ಬೆಲೆಯ ಕಾಗದವು ಮಾಡಿತು.

ಬೆಂಗಳೂರಿನ ಯಂತ್ರ

ಅಮೆರಿಕೆಯ ಸೆಫೀಡ್ ಕಂಪನಿಯವರ ಜೀನ್‌ಎಕ್ಸ್‌ಪರ್ಟ್ ಯಂತ್ರವು ಒಂದೇ ಕೊಳವೆಯಲ್ಲಿ ಕಫವನ್ನು ಹಸನುಮಾಡಿ ಪರೀಕ್ಷಿಸುವುದಾಗಿದ್ದು, ವಿಶ್ವ ಆರೋಗ್ಯ ಸಂಸ್ಥೆಯವರು ೨೦೧೦ರ ಡಿಸೆಂಬರಿನಲ್ಲಿ ಅದಕ್ಕೆ ಸಮ್ಮತಿಯನ್ನು ಕೊಟ್ಟರು. ನಮ್ಮ ಆಸ್ಪತ್ರೆಗಳಲ್ಲಿ ಇದನ್ನು ಸಿಬಿನ್ಯಾಟ್ ಎಂದು ಕರೆಯುವರು. ಆದರೆ ಅದಕ್ಕೆ ನಿಲ್ಲದ ವಿದ್ಯುಚ್ಛಕ್ತಿಯೂ ತಂಪಾದ ಕೋಣೆಯೂ ಅವಶ್ಯ. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ದಾಟುವ ಕಲಬುರಗಿ ಸೀಮೆಯ ಸಣ್ಣ ಆಸ್ಪತ್ರೆಗಳಿಗೆ ಇದು ಸುಲಭದ ಮಾತಲ್ಲ.

ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಶಾಲೆಯಲ್ಲಿ ಚಂದ್ರಶೇಖರ ನಾಯರ್ ಮೊದಲಾದವರು ಅನೇಕ ವರ್ಷ ಪರಿಶ್ರಮಪಟ್ಟು ರೂಪಿಸಿದ ಟ್ರೂನಾಟ್ ಎಂಬ ಪರೀಕ್ಷೆಯು ಈ ತೊಡಕನ್ನು ಬಿಡಿಸುವುದಕ್ಕೆಂದೇ ಹುಟ್ಟಿದ್ದು. ಗೋವೆಯ ಮೊಲ್‌ಬಯೋ ಕಂಪನಿಯವರು ಅದನ್ನು ತಯಾರಿಸುತ್ತಾರೆ. ಇದರಲ್ಲಿ ಎರಡು ಪೆಟ್ಟಿಗೆಗಳುಂಟು. ಎರಡೂ ಬ್ಯಾಟರಿಯಿಂದ ನಡೆಯುತ್ತವೆ. ಮೊದಲನೆಯದಾದ ಟ್ರೂಪ್ರೆಪ್ ಹಸನುಮಾಡುವ ಯಂತ್ರ. ಕಫಕ್ಕೆ ತಿಳಿಗೊಳಿಸುವ ದ್ರವವನ್ನು ಬೆರಸಿ, ಅದರಲ್ಲಿ ಅರ್ಧ ಮಿಲಿಲೀಟರಿನಷ್ಟನ್ನು ಕವಚ ಒಡೆಯುವ ದ್ರವದ ಸೀಸೆಗೆ ಹಾಕಿ, ಅನಂತರ ಒಂದೇ ಸಲ ಉಪಯೋಗಿಸತಕ್ಕ ಕೊಳವೆಗೆ ಸುರಿದು ಪೆಟ್ಟಿಗೆಯಲ್ಲಿ ಇಡುವರು. ಮುಂದಿನ ಕಾಯಿಸುವ, ಅಂಟಿಸುವ, ತೊಳೆಯುವ, ಬಿಡಿಸುವ ಕೆಲಸಗಳನ್ನೆಲ್ಲ ಯಂತ್ರವು ಸುಮಾರು ೨೦ ಮಿನಿಟುಗಳಲ್ಲಿ ತಾನೇ ಮುಗಿಸುತ್ತದೆ.

ಎರಡನೆಯ ಪೆಟ್ಟಿಗೆಯು ಟ್ರೂಲ್ಯಾಬ್. ಶುದ್ಧವಾದ ದ್ರವದಿಂದ ೬ ಮೈಕ್ರೊಲೀಟರನ್ನು, ಎಂದರೆ ಒಂದು ಸಾಧಾರಣ ಹನಿಯ ಎಂಟನೆಯ ಒಂದು ಪಾಲಿನಷ್ಟನ್ನು ಮಾತ್ರ ತೆಗೆದು, ಉಗುರಗಲದ ಬಾವಿಯುಳ್ಳ ಚಿಪ್ಪಿನಲ್ಲಿ ಬಿಟ್ಟು ಪೆಟ್ಟಿಗೆಗೆ ಸೇರಿಸುವರು. ಒಟ್ಟಿನಲ್ಲಿ ಸುಮಾರು ಒಂದು ತಾಸಿನೊಳಗೆ ಕ್ಷಯವುಂಟೋ ಇಲ್ಲವೋ ತಿಳಿಯುತ್ತದೆ. ಉಂಟೆಂದಾದರೆ, ಉಳಿಸಿಟ್ಟ ಅದೇ ದ್ರವದಿಂದ ಎರಡನೆಯ ಚಿಪ್ಪಿನಲ್ಲಿ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ಆ ರೋಗವು ಬಗ್ಗುವುದೋ ಇಲ್ಲವೋ ಎಂಬುದನ್ನು ನೋಡುವರು. ಬಗ್ಗದ ರೋಗಕ್ಕೆ ಬೇರೆ ಔಷಧಗಳನ್ನು ಮೊದಲಿನಿಂದಲೇ ಕೊಡಬೇಕಾದ್ದರಿಂದ ಈ ಎರಡನೆಯ ಉತ್ತರವು ಮೊದಲನೆಯದರಷ್ಟೇ ಬೆಲೆಯುಳ್ಳದ್ದು.

೨೦೨೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಈ ಪರೀಕ್ಷೆಯನ್ನು ಕ್ಷಯಕ್ಕೆ ಮೊದಲ ಪರೀಕ್ಷೆಯಾಗಿ ಉಪಯೋಗಿಸಬಹುದೆಂದು ಅಂಗೀಕರಿಸಿದರು. ಅದೇ ವರ್ಷ ಕೋವಿಡ್ ಪರೀಕ್ಷೆಗೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅನುಮತಿಯು ದೊರೆಯಿತು. ಆಗ ಗಂಟಲ ಮಾದರಿಯನ್ನು ತೆಗೆದ ಕೂಡಲೆ ವೈರಾಣುವನ್ನು ಒಡೆದುಬಿಡುವ ದ್ರವದಲ್ಲಿ ಹಾಕುತ್ತಿದ್ದುದರಿಂದ, ಹಸನುಮಾಡುವ ಮೊದಲನೆಯ ಹಂತವೇ ಕೆಲಸಗಾರನಿಗೆ ರಕ್ಷೆಯೂ ಆಯಿತು.

ಯಂತ್ರದ ಮಿತಿಗಳು

ಕಿರುಯಂತ್ರವು ಬಂದಿತೆಂದು ಎಲ್ಲವೂ ನೆಟ್ಟಗಾಯಿತೆಂದು ಭಾವಿಸಲಾಗದು. ಎದೆಯ ಕಫದ ಬದಲು ಬಾಯಿಯ ಎಂಜಲನ್ನು ಕೊಟ್ಟರೆ ಯಂತ್ರವು ಎಂಜಲನ್ನೇ ಶುದ್ಧಮಾಡಿ, ರೋಗವಿಲ್ಲವೆಂದು ಹೇಳಬಹುದು. ಎಳೆಯ ಮಕ್ಕಳು ಕಫವನ್ನು ಉಗುಳಲಾರರು. ಅವರಿಗೆ ವೈದ್ಯರು ಬೇರೆ ರೀತಿಯಿಂದ ಮಾದರಿ ತೆಗೆಯಬೇಕು. ಸತ್ತ ಸೂಕ್ಷ್ಮಜೀವಿಯ ಎಳೆಯೂ ಬದುಕಿದ್ದರ ಎಳೆಯೂ ಯಂತ್ರಕ್ಕೆ ಒಂದೇ ಆದ್ದರಿಂದ, ಹಿಂದೆ ಚಿಕಿತ್ಸೆ ಪಡೆದು ಗುಣಹೊಂದಿದವರಲ್ಲಿ ಅದರ ಉತ್ತರವನ್ನು ವೈದ್ಯರು ವಿಚಾರಮಾಡಿಯೇ ಗ್ರಹಿಸಬೇಕಾಗುತ್ತದೆ. ಚಿಪ್ಪುಗಳನ್ನು ೨ರಿಂದ ೩೦ ಡಿಗ್ರಿಯ ನಡುವೆ ಇಡಬೇಕಾದ ಕಾರಣ, ನಮ್ಮ ಬೇಸಗೆಯಲ್ಲಿ ಉಗ್ರಾಣದ ತಂಪನ್ನು ಕಾಯುವುದೂ ಒಂದು ಕೆಲಸವೇ. ಕೊಳವೆ ಚಿಪ್ಪುಗಳ ಸರಬರಾಯಿ ನಿಂತರೆ ಯಂತ್ರವು ಬಿತ್ತನೆ ಕಾಳಿಲ್ಲದ ಕೂರಿಗೆಯಂತೆ ಸುಮ್ಮನಿರುತ್ತದೆ.

ಗ್ರಾಮದ ಮುಖಂಡರೂ ಜಮೀನುದಾರರೂ ಮಾಡತಕ್ಕದ್ದು

೨೦೨೩ರಲ್ಲಿ ಭಾರತದಲ್ಲಿ ಸುಮಾರು ೨೮ ಲಕ್ಷ ಮಂದಿಗೆ ಹೊಸದಾಗಿ ಕ್ಷಯವು ತಗುಲಿತೆಂದು ವಿಶ್ವ ಆರೋಗ್ಯ ಸಂಸ್ಥೆಯವರ ಅಂದಾಜು. ಲೋಕದ ಕ್ಷಯರೋಗಿಗಳಲ್ಲಿ ನಾಲ್ಕರಲ್ಲೊಬ್ಬರು ನಮ್ಮ ದೇಶದವರು. ಶಹಾಬಾದಿನ ಕಲ್ಲುಗಣಿಗಳಲ್ಲಿ ಧೂಳು ಕುಡಿದು ದುಡಿದವರು, ಮುಂಬಯಿ ಪುಣೆಗಳಿಗೆ ದುಡಿಮೆಗೆ ಹೋಗಿ ಇಕ್ಕಟ್ಟಾದ ಗುಡಿಸಲುಗಳಲ್ಲಿದ್ದು ಹಿಂದಿರುಗಿದವರು, ಸಕ್ಕರೆ ರೋಗವುಳ್ಳವರು, ಹೊಟ್ಟೆಗೆ ಸಾಲದವರು ಇವರಿಗೆಲ್ಲ ಈ ರೋಗದ ಭಯವು ಹೆಚ್ಚು. ಆದಕಾರಣ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು.

೧. ಎರಡು ವಾರ ಅಥವಾ ಅದಕ್ಕೂ ಮೀರಿದ ಕೆಮ್ಮು, ಸಾಯಂಕಾಲದ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ ಆ ಮನುಷ್ಯನನ್ನು ತಡಮಾಡದೆ ಸರ್ಕಾರಿ ಆರೋಗ್ಯಕೇಂದ್ರಕ್ಕೆ ಕಳುಹಿಸತಕ್ಕದ್ದು. ಅಲ್ಲಿ ಟ್ರೂನಾಟ್ ಅಥವಾ ಸಿಬಿನ್ಯಾಟ್ ಪರೀಕ್ಷೆಯು ಎಲ್ಲಿ ಆಗುವುದೆಂದು ಕೇಳಬೇಕು. ಸರ್ಕಾರದ ಕ್ಷಯ ನಿವಾರಣಾ ಕಾರ್ಯಕ್ರಮದಲ್ಲಿ ಪರೀಕ್ಷೆಗೂ ಔಷಧಕ್ಕೂ ಹಣವಿಲ್ಲ.

೨. ಕಫ ಕೊಡುವವನು ಮೊದಲು ನೀರಿನಿಂದ ಬಾಯಿ ಮುಕ್ಕಳಿಸಿ, ಜನರಿಂದ ದೂರ ಬಯಲಿನಲ್ಲಿ ನಿಂತು, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ, ಕೊಟ್ಟ ಡಬ್ಬಿಯಲ್ಲಿಯೇ ಉಗುಳಿ ಮುಚ್ಚಳವನ್ನು ಬಿಗಿಯಾಗಿ ಮುಚ್ಚಬೇಕು. ಡಬ್ಬಿಯ ಮೇಲೆ ಹೆಸರು ಇರಬೇಕು.

೩. ಡಬ್ಬಿಯನ್ನು ಬಿಸಿಲಿಗೆ ಒಡ್ಡದೆ ತಂಪಿನಲ್ಲಿಟ್ಟು ಅದೇ ದಿನ ತಲುಪಿಸಬೇಕು. ಆಸ್ಪತ್ರೆಗೆ ದೂರವಿರುವ ಹಳ್ಳಿ ತಾಂಡಾಗಳಿಂದ ಕಲಬುರಗಿ ಹುಮನಾಬಾದ ರಸ್ತೆಯ ಕಡೆಗೆ ಹೊರಡುವ ಗಾಡಿಯವರಿಗೆ ಮುಖಂಡರು ಒಂದು ಮಾತು ಹೇಳಿದರೆ ರೋಗಿಯ ಒಂದು ದಿನದ ನಡಿಗೆ ತಪ್ಪುತ್ತದೆ.

೪. ಪರೀಕ್ಷೆಯ ದಿನದ ಕೂಲಿಯನ್ನು ಮುರಿಯಬಾರದು. ಕೂಲಿ ಹೋಗುವ ಭಯದಿಂದ ಕೆಮ್ಮನ್ನು ಮರೆಮಾಡಿದ ಒಬ್ಬನಿಂದ ಕಣದಲ್ಲಿರುವ ಹತ್ತು ಮಂದಿಗೆ ಅಪಾಯವುಂಟು. ರೋಗಿಯ ಹೆಸರನ್ನು ಚಾವಡಿಯಲ್ಲಿ ಆಡಬಾರದು. ನಾಚಿಕೆಯು ಜನರನ್ನು ಆಸ್ಪತ್ರೆಯಿಂದ ದೂರವಿಡುತ್ತದೆ.

೫. ರೋಗವು ಖಚಿತವಾದಲ್ಲಿ ಮನೆಯವರೆಲ್ಲರನ್ನೂ ತೋರಿಸಬೇಕು. ಸಾಧಾರಣ ಕ್ಷಯಕ್ಕೆ ಆರು ತಿಂಗಳ ಔಷಧವುಂಟು. ಮೈ ಸರಿಯಾಯಿತೆಂದು ನಡುವೆ ಬಿಟ್ಟರೆ ರೋಗವು ಔಷಧಕ್ಕೆ ಬಗ್ಗದಂತಾಗುತ್ತದೆ. ನಿಕ್ಷಯ ಪೋಷಣ ಯೋಜನೆಯಲ್ಲಿ ಆಹಾರಕ್ಕೆಂದು ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿ ಕೊಡಲಾಗುತ್ತಿದ್ದು, ೨೦೨೪ರ ನವೆಂಬರಿನಿಂದ ಅದನ್ನು ೧,೦೦೦ ರೂಪಾಯಿಗೆ ಏರಿಸಲಾಗಿದೆ. ಹಣವು ರೋಗಿಯ ಬ್ಯಾಂಕು ಖಾತೆಗೆ ಬರುವುದರಿಂದ ಖಾತೆಯಿಲ್ಲದವನಿಗೆ ಅದನ್ನು ಮಾಡಿಸಿಕೊಡುವುದು ದೊಡ್ಡ ಉಪಕಾರ.

೬. ಉಪಯೋಗಿಸಿದ ಡಬ್ಬಿ ಕೊಳವೆಗಳನ್ನು ತಿಪ್ಪೆಗೆ ಎಸೆಯಬಾರದು. ಕೊಳವೆಗಳ ದ್ರವಗಳಲ್ಲಿ ಗ್ವಾನಿಡಿನ್ ಲವಣವಿರುವುದುಂಟು. ಅದಕ್ಕೆ ಬ್ಲೀಚಿಂಗ್ ಪುಡಿ ಬಿದ್ದರೆ ವಿಷದ ಗಾಳಿ ಹುಟ್ಟುತ್ತದೆ. ಅವುಗಳ ವಿಲೇವಾರಿಯನ್ನು ಆಸ್ಪತ್ರೆಯವರಿಗೇ ಬಿಡತಕ್ಕದ್ದು.

೨೦೨೩ನೆಯ ಮಾರ್ಚಿ ೨೪ರಂದು ಕೇಂದ್ರ ಸರ್ಕಾರದವರು ಕ್ಷಯಮುಕ್ತ ಪಂಚಾಯತಿಯ ಕಾರ್ಯಕ್ರಮವನ್ನು ಆರಂಭಿಸಿದ್ದಾರೆ. ಅದರಲ್ಲಿ ರೋಗಿಗಳ ಸಂಖ್ಯೆ ಕಡಿಮೆಯಿರುವುದಷ್ಟೇ ಅಲ್ಲದೆ, ಅನುಮಾನವಿದ್ದವರಲ್ಲಿ ಎಷ್ಟು ಮಂದಿಯ ಪರೀಕ್ಷೆಯಾಯಿತೆಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಇದು ಯುಕ್ತವಾದ ನಿಯಮ. ಏಕೆಂದರೆ ನೋಡದೆ ಇರುವುದರಿಂದ ರೋಗವಿಲ್ಲದಂತೆ ಕಾಣುವ ಊರೂ, ನೋಡಿ ರೋಗವಿಲ್ಲವೆಂದು ತಿಳಿದ ಊರೂ ಒಂದೇ ಅಲ್ಲ. ಹಸನುಮಾಡುವ ಯಂತ್ರವು ಪಟ್ಟಣವನ್ನು ಬಿಟ್ಟು ತಾಲ್ಲೂಕಿನ ಕಡೆಗೆ ಬಂದಿದೆ. ಹೊಲದಿಂದ ಆ ಯಂತ್ರದವರೆಗಿನ ಉಳಿದ ಕೆಲವು ಮೈಲಿಗಳ ದಾರಿಯನ್ನು ಸುಗಮಮಾಡುವುದು ಊರಿನ ಹಿರಿಯರ ಕೈಯಲ್ಲಿದೆ. ಈ ಸಲದ ರಾಶಿಯು ಆರಂಭವಾಗುವುದಕ್ಕೆ ಮುಂಚೆಯೇ ತಮ್ಮ ಆಳುಕಾಳುಗಳನ್ನು ಒಮ್ಮೆ ವಿಚಾರಿಸಿಕೊಳ್ಳಬೇಕಾಗಿ ವಾಚಕರಲ್ಲಿ ಬಿನ್ನಹ.